ಫ್ರೆಂಚಿನಲ್ಲಿ ‘ಇಲ್ಲ’, ‘ಅಲ್ಲ’, ‘ಕೂಡದು’ ಹೇಳುವುದು ಹೇಗೆ?

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಫ್ರೆಂಚ್ ಕಲಿಯುವವರಿಗೆ ನಿಷೇಧ ಹೇಳುವ ‘ನ … ಪಾ’ ಎಂಬ ಜೋಡಿ ಬೇಗನೆ ಬಾಯಿಗೆ ಬರುತ್ತದೆ. ತಪ್ಪುಗಳು ಶುರುವಾಗುವುದು ಆಮೇಲೆ. ಹೆಚ್ಚಿನವು ಕನ್ನಡದ ರೂಢಿಯಿಂದ ಬಂದವು. ಒಂದು ಕಡೆ ಮಾತ್ರ ಕನ್ನಡವೇ ದಾರಿ ತೋರಿಸುತ್ತದೆ, ಅದನ್ನು ಯಾರೂ ಬಿಡಬಾರದು.

ಮೊದಲು ಜಾಗ. ನಮ್ಮ ‘ಇಲ್ಲ’ ಕ್ರಿಯಾಪದದ ಕೊನೆಗೆ ಬರುತ್ತದೆ, ಫ್ರೆಂಚ್ ನಿಷೇಧ ಕ್ರಿಯಾಪದದ ಎರಡೂ ಬದಿ ನಿಲ್ಲುತ್ತದೆ. ‘ಝ ಪಾರ್ಲ್’ (ಮಾತಾಡುತ್ತೇನೆ), ‘ಝ ನ ಪಾರ್ಲ್ ಪಾ’ (ಮಾತಾಡುವುದಿಲ್ಲ). ಕ್ರಿಯಾಪದ ಸ್ವರದಿಂದ ಶುರುವಾದರೆ ‘ನ’ ಅದರೊಳಗೆ ಸೇರುತ್ತದೆ: ‘ಝೇಮ್’ (ಇಷ್ಟಪಡುತ್ತೇನೆ), ‘ಝ ನೇಮ್ ಪಾ’ (ಇಷ್ಟಪಡುವುದಿಲ್ಲ). ಭೂತಕಾಲದಲ್ಲಿ ಈ ಜೋಡಿ ಸುತ್ತುವುದು ಸಹಾಯಕ ಕ್ರಿಯಾಪದವನ್ನು (ಇಲ್ಲಿ ‘ಏ’) ಮಾತ್ರ: ‘ಝ ನೇ ಪಾ ಮಾಂಝೇ’ (ನಾನು ತಿಂದಿಲ್ಲ). ‘ಪಾ’ವನ್ನು ವಾಕ್ಯದ ತುದಿಗೆ ಒಯ್ದು ‘ಝ ನೇ ಮಾಂಝೇ ಪಾ’ ಎಂದರೆ ತಪ್ಪು. ಫಲಕದ ಮೇಲಿನ ಸೂಚನೆಯಂತೆ ಕ್ರಿಯಾಪದ ಮೂಲರೂಪದಲ್ಲಿದ್ದರೆ ಎರಡೂ ಒಟ್ಟಿಗೆ ಮುಂದೆ ಬರುತ್ತವೆ: ‘ನ ಪಾ ತುಶೇ’, ಮುಟ್ಟಬೇಡಿ.

ಈಗ ಕನ್ನಡ ನೆರವಾಗುವ ಜಾಗ. ‘ಝೇ ಅಂ ಸ್ಕೂತರ್’ ಎಂದರೆ ನನ್ನ ಹತ್ತಿರ ಸ್ಕೂಟರ್ ಇದೆ. ಇಲ್ಲ ಎನ್ನುವಾಗ ‘ಅಂ’ (ಇಂಗ್ಲಿಷಿನ ‘a’ಯಂಥ ಆರ್ಟಿಕಲ್) ಹೋಗಿ ‘ದ’ ಬರುತ್ತದೆ: ‘ಝ ನೇ ಪಾ ದ ಸ್ಕೂತರ್’. ಆದರೆ ‘ಇದು ಸ್ಕೂಟರ್ ಅಲ್ಲ’ ಎನ್ನಲು ‘ಸ ನೆ ಪಾ ಅಂ ಸ್ಕೂತರ್’. ಇಲ್ಲಿ ‘ಅಂ’ ಕದಲುವುದಿಲ್ಲ. ಕನ್ನಡದಲ್ಲಿ ‘ಇಲ್ಲ’ ಬರುವಲ್ಲಿ ‘ದ’, ‘ಅಲ್ಲ’ ಬರುವಲ್ಲಿ ಆರ್ಟಿಕಲ್ ಹಾಗೇ ಇರಲಿ. ತುಳುವರಿಗೆ ‘ಇಜ್ಜಿ’, ‘ಅತ್ತ್’ ಇದೇ ಕೆಲಸ ಮಾಡುತ್ತವೆ. ಇಂಗ್ಲಿಷ್ ಮೂಲಕ ಯೋಚಿಸುವವರಿಗೆ ಈ ಸೌಲಭ್ಯ ಸಿಗುವುದಿಲ್ಲ. ಒಂದು ಎಚ್ಚರಿಕೆ: ಬದಲಾಗುವುದು ‘ಅಂ, ಯುನ್, ದೇ, ದ್ಯು, ದ ಲಾ’ ಮಾತ್ರ. ‘ಲ, ಲಾ, ಲೇ’ (ಇಂಗ್ಲಿಷಿನ ‘the’ಯಂಥವು) ಎಂದೂ ಬದಲಾಗವು. ‘ಝ ನ ಮಾಂಝ್ ಪಾ ದ ಪ್ವಾಸೋಂ’ (ಮೀನು ತಿನ್ನುವುದಿಲ್ಲ), ಆದರೆ ‘ಝ ನೇಮ್ ಪಾ ಲ ಪ್ವಾಸೋಂ’ (ಮೀನು ಇಷ್ಟವಿಲ್ಲ). ಮೀನು, ಮಾಂಸ ಎರಡೂ ಬೇಡದವರು ‘ಝ ನ ಮಾಂಝ್ ನಿ ಪ್ವಾಸೋಂ ನಿ ವಿಯಾಂದ್’ ಎನ್ನಲಿ. ಇಲ್ಲಿ ‘ಪಾ’ವೂ ಇಲ್ಲ, ‘ದ’ವೂ ಇಲ್ಲ.

ಕನ್ನಡ ಅಡ್ಡ ಬರುವುದು ‘ಯಾರೂ’, ‘ಏನೂ’, ‘ಎಂದೂ’ ಎನ್ನುವಲ್ಲಿ. ನಮಗೆ ‘ಯಾರೂ ಬಂದಿಲ್ಲ’ ಎಂದು ಕೊನೆಗೆ ‘ಇಲ್ಲ’ ಬೇಕೇ ಬೇಕು, ಹಾಗಾಗಿ ಫ್ರೆಂಚಿನಲ್ಲೂ ‘ಪಾ’ ಸೇರಿಸುತ್ತೇವೆ. ಸೇರಿಸಬಾರದು. ‘ಪೆರ್ಸೋನ್’ (ಯಾರೂ), ‘ರಿಯಾಂ’ (ಏನೂ), ‘ಝಾಮೇ’ (ಎಂದೂ) ‘ಪಾ’ದ ಬದಲಿಗೆ ಬರುತ್ತವೆ, ‘ನ’ ಮಾತ್ರ ಉಳಿಯುತ್ತದೆ: ‘ಪೆರ್ಸೋನ್ ನೆ ವನ್ಯು’, ಯಾರೂ ಬಂದಿಲ್ಲ. ಭೂತಕಾಲದಲ್ಲಿ ಇನ್ನೊಂದು ತಿರುವು ಇದೆ. ‘ಝ ನೇ ರಿಯಾಂ ವ್ಯು’ (ಏನೂ ನೋಡಿಲ್ಲ) ಎನ್ನುವಾಗ ‘ರಿಯಾಂ’ ಮಧ್ಯದಲ್ಲಿ. ‘ಝ ನೇ ವ್ಯು ಪೆರ್ಸೋನ್’ (ಯಾರನ್ನೂ ನೋಡಿಲ್ಲ) ಎನ್ನುವಾಗ ‘ಪೆರ್ಸೋನ್’ ಕೊನೆಯಲ್ಲಿ. ಈ ಎರಡನ್ನೂ ಜೋಡಿಯಾಗಿಯೇ ಬಾಯಿಪಾಠ ಮಾಡುವುದು ಒಳ್ಳೆಯದು.

‘ಪ್ಲ್ಯು’ ಎಂದರೆ ‘ಇನ್ನು ಇಲ್ಲ’. ರಾತ್ರಿ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸೂ ಹೋಗಿಬಿಟ್ಟಿದ್ದರೆ ‘ಇಲ್ ನ್ಯಾ ಪ್ಲ್ಯು ದ ಬ್ಯುಸ್’. ಬಸ್ಸು ಇನ್ನೂ ಬರಬೇಕಿದ್ದರೆ ‘ಲ ಬ್ಯುಸ್ ನೆ ಪಾ ಆಂಕೋರ್ ಆರಿವೇ’. ‘ಪ್ಲ್ಯು’ ಬರೆಯುವಾಗ ಕೊನೆಗೆ ಎಸ್ ಇದೆ, ನಿಷೇಧದಲ್ಲಿ ಅದನ್ನು ಉಚ್ಚರಿಸುವುದಿಲ್ಲ. ಬಡಿಸುವವರಿಗೆ ‘ಝಾಂ ವೊ ಪ್ಲ್ಯುಸ್’ ಎಂದರೆ ಇನ್ನಷ್ಟು ಬೇಕು. ‘ಝಾಂ ವೊ ಪ್ಲ್ಯು’ ಎಂದರೆ ಸಾಕು. ಆಡುಮಾತಿನಲ್ಲಿ ‘ನ’ ಬಿದ್ದುಹೋಗುವುದರಿಂದ ಕೊನೆಯ ಆ ಒಂದು ‘ಸ್’ ಧ್ವನಿಯ ಮೇಲೆ ಇಡೀ ಅರ್ಥ ನಿಂತಿರುತ್ತದೆ.

‘ನ … ಕ’ ನಿಷೇಧದಂತೆ ಕಂಡರೂ ಅರ್ಥ ‘ಮಾತ್ರ’: ‘ಝ ನ ಬ್ವಾ ಕ ದ ಲೋ’, ನೀರು ಮಾತ್ರ ಕುಡಿಯುತ್ತೇನೆ.

‘ಇಲ್ ಫೋ’ ಎಂದರೆ ‘ಬೇಕು’. ಹಾಗೆಂದು ‘ಇಲ್ ನ ಫೋ ಪಾ ಪಾರ್ತೀರ್’ ಎಂದರೆ ‘ಹೋಗಬೇಕಾಗಿಲ್ಲ’ ಅಲ್ಲ, ‘ಹೋಗಕೂಡದು’. ‘ಬೇಕಾಗಿಲ್ಲ’ ಎನ್ನಲು ‘ಸ ನೆ ಪಾ ನೆಸೆಸೆರ್’ ಇದೆ. ಅತಿಥಿಗೆ ಉಪಚಾರದ ಮಾತಾಡಲು ಹೋಗಿ ಅಪ್ಪಣೆ ಕೊಟ್ಟಂತಾಗದಿರಲು ಈ ವ್ಯತ್ಯಾಸ ಗಟ್ಟಿ ಮಾಡಿಕೊಳ್ಳಿ.

‘ನೀವು ಬರುವುದಿಲ್ವಾ?’ ಎಂದು ಕೇಳಿದರೆ ನಾವು ಎಷ್ಟೋ ಸಲ ‘ಹೌದು, ಬರುವುದಿಲ್ಲ’ ಎನ್ನುತ್ತೇವೆ. ಫ್ರೆಂಚಿನಲ್ಲಿ ಬಾರದಿದ್ದರೆ ‘ನೋಂ’, ಬರುವುದಾದರೆ ‘ಸಿ’. ಇಂಥ ಪ್ರಶ್ನೆಗೆ ‘ವಿ’ (ಹೌದು) ಎಂದರೆ ಕೇಳಿದವರಿಗೆ ಗೊಂದಲ. ‘ನಾನೂ ಇಲ್ಲ’ ಎನ್ನಲು ‘ಮ್ವಾ ನೋಂ ಪ್ಲ್ಯು’; ‘ಮ್ವಾ ಓಸಿ’ (ನಾನೂ) ಒಪ್ಪಿಗೆಯ ಮಾತಿಗೆ ಮಾತ್ರ.

ಪ್ಯಾರಿಸಿನವರ ಮಾತಿನಲ್ಲಿ ‘ಝ ನ ಸೇ ಪಾ’ (ನನಗೆ ಗೊತ್ತಿಲ್ಲ) ಕರಗಿ ‘ಶೇ ಪಾ’ ಆಗಿರುತ್ತದೆ. ಅದನ್ನು ಕೇಳಿ ಗುರುತಿಸಿ, ಗೆಳೆಯರ ನಡುವೆ ಬಳಸಿ. ಪರೀಕ್ಷೆಯ ಉತ್ತರದಲ್ಲಿ, ಅರ್ಜಿಯಲ್ಲಿ, ಇಮೇಲಿನಲ್ಲಿ ಮಾತ್ರ ‘ನ’ ಬಿಡಬೇಡಿ.