ಒಂದೇ ಪ್ರತಿ, ಹಲವು ಓದುಗರು: ಹಳೆಯ ವಿಜ್ಞಾನ ಕಾದಂಬರಿಯನ್ನು ಸರದಿಯಲ್ಲಿ ಓದುವ ಕ್ರಮ

ಐದಾರು ಮಂದಿ ಗೆಳೆಯರು ಒಂದೇ ವಿಜ್ಞಾನ ಕಾದಂಬರಿಯನ್ನು ಓದಿ ಅಭಿಪ್ರಾಯ ಹಂಚಿಕೊಳ್ಳಬೇಕೆಂದಿದ್ದರೆ, ಒಬ್ಬೊಬ್ಬರೂ ಬೇರೆ ಬೇರೆ ಪ್ರತಿ ಕೊಳ್ಳುವುದಕ್ಕಿಂತ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದೇ ಪ್ರತಿಯನ್ನು ಸರದಿಯಲ್ಲಿ ಓದುವುದು ಮೇಲು. ಇದರಿಂದ ಹಣ ಉಳಿಯುತ್ತದೆ, ಆದರೆ ಮುಖ್ಯ ಕಾರಣ ಅದಲ್ಲ. ಆವೃತ್ತಿ ಬದಲಾದರೆ ಪುಟಸಂಖ್ಯೆ ಬದಲಾಗುತ್ತದೆ. ಕೆಲವೊಮ್ಮೆ ಪಠ್ಯವೇ ಬದಲಾಗಿರುತ್ತದೆ. ಒಂದೇ ಪ್ರತಿಯನ್ನು ಎಲ್ಲರೂ ಓದಿದಾಗ ‘142ನೆಯ ಪುಟದ ಎರಡನೆಯ ಪ್ಯಾರಾ’ ಎಂದರೆ ಎಲ್ಲರ ಕಣ್ಣಮುಂದೆಯೂ ಅದೇ ಸಾಲು ಬರುತ್ತದೆ, ಚರ್ಚೆ ಅಲ್ಲಿಂದಲೇ ಶುರುವಾಗಬಹುದು.

ಪ್ರತಿಯನ್ನು ಆರಿಸುವಾಗ ಅವಸರ ಬೇಡ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಮತ್ತು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಈ ಬಗೆಯ ಕಾದಂಬರಿಗಳು ಹೆಚ್ಚಾಗಿ ಸುಮಾರು 11 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರದ ಚಿಕ್ಕ ಪೇಪರ್‌ಬ್ಯಾಕ್ ರೂಪದಲ್ಲಿ ಸಿಗುತ್ತವೆ. ಇವುಗಳ ಹಾಳೆಗಳನ್ನು ಹೊಲಿದಿರುವುದಿಲ್ಲ; ಬೆನ್ನಿಗೆ ಬಿಸಿ ಅಂಟು ಸವರಿ ಹಿಡಿಸಿರುತ್ತಾರೆ. ವರ್ಷಗಳು ಕಳೆದಂತೆ ಆ ಅಂಟು ಒಣಗಿ ಬಿರುಕು ಬಿಡುತ್ತದೆ, ಮರದ ತಿರುಳಿನ ಅಗ್ಗದ ಕಾಗದ ಆಮ್ಲದಿಂದಾಗಿ ಕಂದು ಬಣ್ಣಕ್ಕೆ ತಿರುಗಿ ಪೆಡಸಾಗುತ್ತದೆ. ಆದ್ದರಿಂದ ಪುಸ್ತಕವನ್ನು ನಡುವೆ ಮೆಲ್ಲನೆ ತೆರೆದು ಅಂಟು ಎಷ್ಟು ಗಟ್ಟಿಯಿದೆಯೆಂದು ನೋಡಿ. ಹಾಳೆಯ ಮೂಲೆಯನ್ನು ಮಡಚಿ ಪರೀಕ್ಷಿಸಬೇಡಿ. ಮೂಲೆಗಳು ಈಗಾಗಲೇ ಮುರಿದು ಉದುರಿದ್ದರೆ ಆ ಪ್ರತಿ ಆರು ಜನರ ಕೈ ದಾಟಿ ಉಳಿಯಲಾರದು. ಕೊನೆಯ ಹಾಳೆಗಳು ಇವೆಯೇ ಎಂಬುದನ್ನು ಅಂಗಡಿಯಲ್ಲೇ ಎಣಿಸಿ ನೋಡಬೇಕು, ಏಕೆಂದರೆ ಅಂಟು ಬಿಟ್ಟಾಗ ಸಾಮಾನ್ಯವಾಗಿ ಮೊದಲು ಕಳೆದುಹೋಗುವುದು ಮೊದಲ ಮತ್ತು ಕೊನೆಯ ಹಾಳೆಗಳೇ. ಬೂಷ್ಟಿನ ವಾಸನೆ ಇದ್ದರೆ ಎಷ್ಟೇ ಅಪರೂಪದ ಪುಸ್ತಕವಾದರೂ ಬಿಟ್ಟುಬಿಡಿ; ಅದು ಪ್ರತಿ ಮನೆಯ ಕಪಾಟಿಗೂ ಹರಡುತ್ತದೆ. ಗ್ರಂಥಾಲಯದ ಮುದ್ರೆಯಿದ್ದು, ಅದನ್ನು ವಿಲೇವಾರಿ ಮಾಡಿದ ಗುರುತು ಇಲ್ಲದಿದ್ದರೆ ಅದು ಆ ಗ್ರಂಥಾಲಯಕ್ಕೆ ಸೇರಿದ ಪುಸ್ತಕವೇ ಆಗಿರಬಹುದು, ಅದನ್ನು ಕೊಳ್ಳದಿರುವುದೇ ಸರಿ.

ಮನೆಗೆ ತಂದ ಮೇಲೆ ಮೊದಲು ಓದಬೇಕಾದದ್ದು ಶೀರ್ಷಿಕೆ ಪುಟದ ಹಿಂಬದಿಯನ್ನು. ಬೇರೆ ಪ್ರಕಾರದ ಕಾದಂಬರಿಗಳಲ್ಲಿ ಈ ಪುಟವನ್ನು ದಾಟಿಹೋದರೂ ನಡೆಯುತ್ತದೆ, ವಿಜ್ಞಾನ ಕಾದಂಬರಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಮೊದಲ ಪ್ರಕಟಣೆಯ ವರ್ಷ ಒಂದಿರುತ್ತದೆ, ನಿಮ್ಮ ಕೈಯಲ್ಲಿರುವ ಮುದ್ರಣದ ವರ್ಷ ಇನ್ನೊಂದಿರುತ್ತದೆ. ಕೆಳಗಡೆ 10 9 8 7 6 5 4 ಎಂಬಂತಹ ಅಂಕಿಗಳ ಸಾಲಿದ್ದರೆ ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಮುದ್ರಣದ ಸಂಖ್ಯೆ. ಇಲ್ಲಿ ಅದು ನಾಲ್ಕನೆಯ ಮುದ್ರಣ. ಮೊದಲ ಪ್ರಕಟಣೆಯ ವರ್ಷವನ್ನು ಪೆನ್ಸಿಲ್‌ನಲ್ಲಿ ಒಳಹಾಳೆಯ ಮೇಲೆ ದೊಡ್ಡದಾಗಿ ಬರೆದಿಡಿ. 1980ರ ದಶಕದ ಹೊಳಪಿನ ಹೊದಿಕೆಯೊಳಗೆ 1950ರ ದಶಕದ ಕಥೆ ಇರಬಹುದು, ಅದರಲ್ಲಿ ಬುಧಗ್ರಹದ ಒಂದು ಮುಖ ಸದಾ ಸೂರ್ಯನ ಕಡೆಗೇ ಇರಬಹುದು. ಬುಧ 59 ದಿನಗಳಿಗೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆಂದು ಪೋರ್ಟೊರಿಕೋದ ಅರೆಸಿಬೋ ವೀಕ್ಷಣಾಲಯದ ರೇಡಾರ್ ಅಳತೆಯಿಂದ ತಿಳಿದದ್ದು 1965ರಲ್ಲಿ. ಅದೇ ವರ್ಷದ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಮಂಗಳದ ಕುಳಿಬಿದ್ದ ನೆಲದ ಚಿತ್ರಗಳನ್ನು ಕಳಿಸಿತು. ಅದಕ್ಕೂ ಮುಂಚೆ ಬರೆದವರು ಅಂದಿನ ತಿಳಿವಳಿಕೆಯ ಮೇಲೆಯೇ ಕಥೆ ಕಟ್ಟಿದರು. ಇಸವಿ ಕಣ್ಣಿಗೆ ಬಿದ್ದಿರದ ಓದುಗ ಅದನ್ನು ಲೇಖಕರ ಅಜ್ಞಾನವೆಂದು ಬರೆದುಬಿಡುತ್ತಾನೆ, ಒಳ್ಳೆಯ ಚರ್ಚೆಯೊಂದು ಅಲ್ಲಿಗೇ ಹಾದಿ ತಪ್ಪುತ್ತದೆ.

ಪುಸ್ತಕಕ್ಕೆ ಬ್ರೌನ್ ಪೇಪರ್ ಹೊದಿಕೆ ಹಾಕಿ, ಆದರೆ ಅದನ್ನು ಮೂಲ ರಕ್ಷಾಪುಟಕ್ಕೆ ಅಂಟಿಸಬೇಡಿ. ಕಳಚಿದ ಹಾಳೆಯ ಅಂಚಿಗೆ ಬಿಳಿ ಸಿಂಥೆಟಿಕ್ ಅಂಟನ್ನು ತೆಳ್ಳಗೆ ಸವರಿ, ಭಾರದಡಿಯಲ್ಲಿ ಒಂದು ರಾತ್ರಿ ಇಟ್ಟರೆ ಸಾಕು. ಸೆಲ್ಲೋಟೇಪ್ ಹಳದಿಯಾಗಿ ಕಾಗದವನ್ನು ತಿನ್ನುತ್ತದೆ, ಮೈದಾ ಅಂಟು ಹುಳುಗಳನ್ನು ಕರೆಯುತ್ತದೆ, ಅಂಟುಚೀಟಿಗಳು ಕಿತ್ತ ಮೇಲೂ ಜಿಡ್ಡನ್ನು ಬಿಟ್ಟುಹೋಗುತ್ತವೆ. ಬುಕ್‌ಮಾರ್ಕ್‌ಗೆ ಉದ್ದನೆಯ ಕಾಗದದ ಪಟ್ಟಿ ಸಾಕು.

ಇನ್ನು ಅಭಿಪ್ರಾಯಗಳ ವಿಷಯ. ಒಂದೇ ಬಗೆಯ ಅಭಿರುಚಿಯ ಗೆಳೆಯರ ನಡುವೆ ಪುಸ್ತಕ ಓಡಾಡುವಾಗ ಒಂದು ಅಪಾಯವಿದೆ: ಮೊದಲು ಓದಿದವರು ಮೆಚ್ಚಿದ್ದನ್ನೇ ಉಳಿದವರೂ ಮೆಚ್ಚುತ್ತಾ ಹೋಗುತ್ತಾರೆ. ನಾವು ಗೌರವಿಸುವ ಓದುಗರೊಬ್ಬರು ‘ಕೊನೆಯ ಭಾಗ ಸೋತಿದೆ’ ಎಂದು ಅಂಚಿನಲ್ಲಿ ಬರೆದಿದ್ದರೆ, ಆ ಭಾಗಕ್ಕೆ ಬರುವ ಮುನ್ನವೇ ನಮ್ಮ ಮನಸ್ಸು ಸೋಲನ್ನು ಹುಡುಕಲು ಶುರುಮಾಡಿರುತ್ತದೆ. ಹಾಗಾಗಿ ಪುಸ್ತಕದ ಅಂಚುಗಳಲ್ಲಿ ಯಾರೂ ಏನನ್ನೂ ಬರೆಯಬಾರದು. ಪ್ರತಿಯೊಬ್ಬರೂ ಓದಿ ಮುಗಿಸಿದ ಕೂಡಲೇ ತಮ್ಮ ಅನಿಸಿಕೆಯನ್ನು ಬೇರೆ ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ ಹೆಸರು ಹಾಕಿ, ಪುಸ್ತಕದ ಜೊತೆಗೇ ಮುಂದಕ್ಕೆ ಕಳಿಸಬೇಕು. ಹಿಂದಿನವರ ಲಕೋಟೆಗಳನ್ನು ತೆರೆಯುವ ಹಕ್ಕು ತಮ್ಮ ಲಕೋಟೆಯನ್ನು ಅಂಟಿಸಿದ ಮೇಲಷ್ಟೇ ಬರುತ್ತದೆ. ಎಲ್ಲರೂ ಓದುವವರೆಗೆ ಒಂದನ್ನೂ ತೆರೆಯದಿದ್ದರೆ ಇನ್ನೂ ಒಳ್ಳೆಯದು.

ವಿಜ್ಞಾನ ಕಥೆಯ ಓದುಗರಿಗೆ ಈ ಬಗೆಯ ಏರ್ಪಾಡು ಹೊಸದೇನಲ್ಲ. ಅಮೆರಿಕದಲ್ಲಿ 1937ರಲ್ಲಿ ವಿಜ್ಞಾನ ಕಥೆಗಳ ಅಭಿಮಾನಿ ಡೊನಾಲ್ಡ್ ವೋಲ್‌ಹೈಮ್ ಆರಂಭಿಸಿದ ಹವ್ಯಾಸಿ ಮುದ್ರಕರ ಕೂಟದಲ್ಲಿ ಸದಸ್ಯರು ತಮ್ಮ ತಮ್ಮ ಪುಟಗಳನ್ನು ತಾವೇ ಅಚ್ಚುಮಾಡಿ ಒಬ್ಬ ಸಂಪಾದಕರಿಗೆ ಕಳಿಸುತ್ತಿದ್ದರು, ಅವರು ಎಲ್ಲವನ್ನೂ ಒಂದು ಕಟ್ಟು ಮಾಡಿ ಪ್ರತಿ ಸದಸ್ಯರಿಗೂ ಅಂಚೆಯಲ್ಲಿ ಹಂಚುತ್ತಿದ್ದರು. ನಿಮ್ಮ ಪುಟ ಹೊರಟುಹೋದ ಮೇಲೆಯೇ ಉಳಿದವರ ಪುಟ ನಿಮ್ಮ ಕೈಸೇರುವ ಆ ವ್ಯವಸ್ಥೆಯಲ್ಲಿದ್ದ ವಿವೇಕವೇ ಲಕೋಟೆಯ ನಿಯಮದಲ್ಲೂ ಇದೆ.

ಅನಿಸಿಕೆಯಲ್ಲಿ ಏನು ಬರೆಯಬೇಕು? ‘ಚೆನ್ನಾಗಿದೆ’ ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ, ಕಥೆಯ ಸಾರಾಂಶವಂತೂ ಬೇಡವೇ ಬೇಡ. ಕಾದಂಬರಿ ನಮ್ಮಿಂದ ಒಪ್ಪಿಸಿಕೊಳ್ಳುವ ಮೂಲ ಕಲ್ಪನೆ ಯಾವುದು, ಅಂದರೆ ಬೆಳಕನ್ನು ಮೀರುವ ವೇಗವೋ, ಕಾಲದಲ್ಲಿ ಹಿಂದಕ್ಕೆ ಹೋಗುವುದೋ, ಯೋಚಿಸುವ ಯಂತ್ರವೋ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಅದನ್ನು ಒಪ್ಪಿಕೊಂಡ ಮೇಲೆ ಕಥೆ ತನ್ನದೇ ನಿಯಮಕ್ಕೆ ಬದ್ಧವಾಗಿ ನಡೆಯಿತೇ, ಇಲ್ಲವಾದರೆ ಯಾವ ಪುಟದಲ್ಲಿ ನಿಮ್ಮ ನಂಬಿಕೆ ಕಳಚಿತು ಎಂಬುದನ್ನು ಪುಟಸಂಖ್ಯೆ ಸಮೇತ ದಾಖಲಿಸಿ. ನನ್ನ ಮಟ್ಟಿಗೆ ಇದೊಂದೇ ಪ್ರಶ್ನೆ ಉಳಿದೆಲ್ಲ ಪ್ರಶ್ನೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಭೌತವಿಜ್ಞಾನ ಓದಿದವರಿಗೂ ಸಾಹಿತ್ಯ ಓದಿದವರಿಗೂ ಅದೇ ಕಾದಂಬರಿಯಲ್ಲಿ ಬೇರೆ ಬೇರೆ ಪುಟಗಳಲ್ಲಿ ನಂಬಿಕೆ ಕಳಚಿರುತ್ತದೆ, ಮತ್ತು ಆ ಎರಡು ಪುಟಗಳ ನಡುವಿನ ಅಂತರದಲ್ಲಿಯೇ ನಿಜವಾದ ಮಾತುಕತೆ ಹುಟ್ಟುತ್ತದೆ. ಇಂಗ್ಲಿಷ್ ಕಾದಂಬರಿಯಾದರೂ ಅನಿಸಿಕೆಯನ್ನು ಕನ್ನಡದಲ್ಲೇ ಬರೆಯುವುದು ಒಳ್ಳೆಯದು, ಏಕೆಂದರೆ ಅನ್ಯಭಾಷೆಯ ಸಿದ್ಧ ಪದಗಳ ಹಿಂದೆ ಅಡಗಿಕೊಳ್ಳಲು ಆಗ ಅವಕಾಶವಿರುವುದಿಲ್ಲ.

ಸರದಿಯ ಆರಂಭದಲ್ಲಿ ಬೇಗ ಓದುವವರನ್ನೂ ಕೊನೆಯಲ್ಲಿ ನಿಧಾನವಾಗಿ ಓದುವವರನ್ನೂ ಇರಿಸಿ. ಒಬ್ಬರಿಗೆ ಮೂರು ವಾರ ಕೊಟ್ಟರೆ ಸಾಕಾಗುತ್ತದೆ. ಅಷ್ಟರಲ್ಲಿ ಓದಲಾಗದವರು ಪುಸ್ತಕವನ್ನು ಮುಂದಕ್ಕೆ ಕಳಿಸಿ, ಸರದಿಯ ತುದಿಯಲ್ಲಿ ಮತ್ತೆ ಪಡೆಯಲಿ.

ದೂರದ ಊರಿನವರಿದ್ದರೆ ಅಂಚೆಯೇ ಗತಿ. ಪುಸ್ತಕಗಳಿಗೆಂದು ಅಂಚೆ ಇಲಾಖೆ 2025ರ ಮೇ 1ರಿಂದ ಆರಂಭಿಸಿದ ಜ್ಞಾನ ಪೋಸ್ಟ್‌ನ ದರ ಆರಂಭದಲ್ಲಿ, ತೆರಿಗೆ ಬಿಟ್ಟು, 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ ಎಂದು ನಿಗದಿಯಾಗಿತ್ತು. ಭೂಮಾರ್ಗದಲ್ಲಿ ಹೋಗುವುದರಿಂದ ತಡವಾಗುತ್ತದೆ. ನಿಮ್ಮ ಕಾದಂಬರಿಗೆ ಆ ಸೇವೆ ಅನ್ವಯಿಸುತ್ತದೆಯೇ ಎಂದು ಕೌಂಟರಿನಲ್ಲಿ ಕೇಳಿಕೊಳ್ಳಿ; ಅದು ಮುದ್ರಿತ ಪುಸ್ತಕಗಳಿಗೆ ಮೀಸಲಾದ್ದರಿಂದ ಕೈಬರಹದ ಲಕೋಟೆಗಳನ್ನು ಪ್ರತ್ಯೇಕವಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಮಳೆಗಾಲದಲ್ಲಿ ಪುಸ್ತಕವನ್ನು ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪುಸ್ತಕಕ್ಕಿಂತ ಎಲ್ಲ ಕಡೆಯೂ ಒಂದು ಬೆರಳಗಲ ದೊಡ್ಡದಾದ ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಬೇಕು. ಪೆಟ್ಟು ಬಿದ್ದರೆ ರಟ್ಟಿನ ಮೂಲೆ ಮುದುಡುತ್ತದೆ, ಪುಸ್ತಕದ ಮೂಲೆ ಉಳಿಯುತ್ತದೆ. ಪಡೆದವರು ಪ್ಲಾಸ್ಟಿಕ್ಕನ್ನು ಅಂದೇ ಬಿಚ್ಚಿ ಪುಸ್ತಕಕ್ಕೆ ಗಾಳಿಯಾಡಿಸಬೇಕು, ಒಳಗೆ ಉಳಿದ ತೇವದಿಂದಲೇ ಬೂಷ್ಟು ಹಿಡಿಯುತ್ತದೆ.

ಸರದಿ ಮುಗಿದ ಮೇಲೆ ಪುಸ್ತಕ ಎಲ್ಲಿಗೆ ಹೋಗಬೇಕೆಂಬುದನ್ನು ಮೊದಲ ದಿನವೇ ತೀರ್ಮಾನಿಸಿ. 2001ರಲ್ಲಿ ಅಮೆರಿಕದಲ್ಲಿ ಶುರುವಾದ, ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸುವ ಓದುಗರ ಜಾಲತಾಣ ಬುಕ್‌ಕ್ರಾಸಿಂಗ್‌ನವರು ಇದಕ್ಕೆ ಎರಡು ದಾರಿ ಇಟ್ಟುಕೊಂಡಿದ್ದಾರೆ: ಉಂಗುರದಂತೆ ಸುತ್ತಿ ಕೊಟ್ಟವರಿಗೇ ಮರಳುವುದು ಒಂದು, ಕಿರಣದಂತೆ ಮುಂದಕ್ಕೆ ಹೋಗಿ ಕೊನೆಯವರಲ್ಲೇ ಉಳಿಯುವುದು ಇನ್ನೊಂದು. ನಾನು ಎರಡನೆಯದನ್ನೇ ಆರಿಸುತ್ತೇನೆ, ಕೊನೆಯವರು ಅದನ್ನು ಹೊಸ ಗುಂಪೊಂದಕ್ಕೆ ದಾಟಿಸುವ ಒಪ್ಪಂದದ ಮೇಲೆ. ಲಕೋಟೆಗಳು ಮಾತ್ರ ಮೊದಲ ಗುಂಪಿನಲ್ಲೇ ಉಳಿಯಬೇಕು.