ಶಿವಮೊಗ್ಗಕ್ಕೆ ಹೊಸದಾಗಿ ಬಂದವರಿಗೆ: ಬೆಳಿಗ್ಗೆ ಆರಕ್ಕೇ ಬನ್ನಿ

ಈ ಬರಹ ಓದುತ್ತಿದ್ದೀರಿ ಅಂದರೆ ನಿಮಗೆ ಕನ್ನಡ ಬರುತ್ತದೆ. ಆದರೂ ಮೊದಲ ಒಂದೆರಡು ತಿಂಗಳು ಇದು ಪರಸ್ಥಳ ಅನ್ನಿಸಬಹುದು. ಕಲಬುರಗಿ ಕಡೆಯವರು ‘ಹೌದ್ರಿ’ ಅಂದ ತಕ್ಷಣ ಅಂಗಡಿಯವರು ತಲೆ ಎತ್ತಿ ನೋಡುತ್ತಾರೆ. ನಮ್ಮವರು ‘ಅಡ್ಡಿಲ್ಲ’ ಅಂದರೆ ಚೆನ್ನಾಗಿದೆ ಅಂತ ಅರ್ಥ, ಬೇಜಾರು ಮಾಡ್ಕೋಬೇಡಿ. ‘ಎಂತ ಮಾರಾಯ್ರೆ’ ಅನ್ನೋದು ಪ್ರೀತಿಗೂ ಬರುತ್ತದೆ, ಸಿಟ್ಟಿಗೂ ಬರುತ್ತದೆ. ಯಾವುದಕ್ಕೆ ಅಂತ ದನಿ ನೋಡಿ ತಿಳಿಯಬೇಕು. ಹಳ್ಳಿ ಮನೆಗೆ ಹೋದರೆ ಕವಳದ ತಟ್ಟೆ ಮುಂದಿಡುತ್ತಾರೆ. ಎಲೆಯಡಿಕೆ ಹಾಕುವ ಅಭ್ಯಾಸ ಇಲ್ಲದಿದ್ದರೆ ಒಂದು ಅಡಿಕೆ ಹೋಳು ಕೈಗೆತ್ತಿಕೊಳ್ಳಿ, ಸಾಕು.

ಶಾಲೆ, ಗ್ಯಾಸ್, ರೇಷನ್ ಕಾರ್ಡ್ ವಿಷಯಕ್ಕೆ ನಮ್ಮ ಕನ್ನಡ ಸಂಘದ ಬೇರೆ ಹಾಳೆ ಇದೆ. ಇಲ್ಲಿ ಹೇಳೋದು ಜನರ ಜೊತೆ ಬೆರೆಯೋ ವಿಷಯ. ಬೆರೆಯಲು ಹೋದಾಗ ಅಡ್ಡ ಬರುವ ಮಾತುಗಳ ವಿಷಯವೂ ಹೌದು.

ಯಾರ ಪೈಕಿ?

ಮಲೆನಾಡಿನಲ್ಲಿ ಪರಿಚಯ ಶುರುವಾಗೋದು ‘ಯಾವೂರಾಯ್ತು?’ ಅಂತ. ಎರಡನೇ ಪ್ರಶ್ನೆ ‘ಯಾರ ಪೈಕಿ?’ ಜಾತಿ ಯಾವುದು ಅಂತ ನೇರವಾಗಿ ಕೇಳೋಕೆ ನಾಚಿಕೆ, ಅದಕ್ಕೆ ಈ ಸುತ್ತುದಾರಿ. ಎಷ್ಟೋ ಜನ ಅಭ್ಯಾಸಬಲದಿಂದ ಕೇಳುತ್ತಾರೆ. ಇನ್ನು ಕೆಲವರು ಉತ್ತರ ಕೇಳಿಕೊಂಡು ಕುರ್ಚಿ ಕೊಡಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತಾರೆ. ಹೇಳಬೇಕು ಅನ್ನಿಸಿದರೆ ಹೇಳಿ. ಬೇಡ ಅನ್ನಿಸಿದರೆ ‘ಕನ್ನಡ ಸಂಘದ ಪೈಕಿ’ ಅನ್ನಿ. ನಾನು ಹಾಗೇ ಹೇಳೋದು. ಅರ್ಧ ಜನ ನಗುತ್ತಾರೆ, ಅರ್ಧ ಜನ ಮಾತು ಬದಲಾಯಿಸುತ್ತಾರೆ.

ಬಾಡಿಗೆ ಮನೆ ಹುಡುಕುವಾಗ ಈ ಪ್ರಶ್ನೆ ಜಾಸ್ತಿ ಚುಚ್ಚುತ್ತದೆ. ಫೋನಿನಲ್ಲಿ ‘ಮನೆ ಖಾಲಿ ಇದೆ, ಬನ್ನಿ’ ಅಂದವರು ಹೆಸರು ಕೇಳಿದ ಮೇಲೆ ‘ನಿನ್ನೇನೇ ಆಗೋಯ್ತು’ ಅಂತಾರೆ. ಇದರಲ್ಲಿ ಕಾನೂನಿಗಿಂತ ಪರಿಚಯ ಬೇಗ ಕೆಲಸ ಮಾಡುತ್ತದೆ. ಹಾಗಿರೋದು ಸರಿ ಅಂತ ನಾನು ಹೇಳುತ್ತಿಲ್ಲ. ಮನೆ ನೋಡಲು ಹೋಗುವಾಗ ನಮಗೆ ತಿಳಿಸಿ. ಸಂಘದವರು ಒಬ್ಬರು ಜೊತೆಗೆ ಬಂದು ಸುಮ್ನೆ ನಿಂತರೂ ಮಾತಿನ ಧಾಟಿ ಬದಲಾಗುತ್ತದೆ. ಆದರೆ ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಮುಂದೆ ಜಾತಿ ಹೆಸರು ಹಿಡಿದು ಬೈದು ಅವಮಾನಿಸಿದರೆ ಅದು ಪರಿಚಯದಿಂದ ಬಗೆಹರಿಸುವ ವಿಷಯವಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಇರುವುದೇ ಅದಕ್ಕೆ. ಸಹಾಯವಾಣಿ 14566, ತುರ್ತು ಇದ್ದರೆ 112. ದೂರು ಕೊಡಲು ಹೋಗುವಾಗಲೂ ಒಬ್ಬರೇ ಹೋಗಬೇಡಿ.

ಇನ್ನೊಂದು ಮಾತು ನಮ್ಮವರಿಗೇ. ಇಲ್ಲಿ ‘ಮೂಲದವರು’ ಅಂತ ಎದೆ ತಟ್ಟಿಕೊಳ್ಳುವವರು ಕಡಿಮೆ ಇದ್ದಷ್ಟೂ ಒಳ್ಳೆಯದು. ಶಿವಮೊಗ್ಗದ ಪಕ್ಕದ ಮತ್ತೂರಿನ ಸಂಕೇತಿ ಬ್ರಾಹ್ಮಣರ ಹಿರಿಯರು ಶತಮಾನಗಳ ಹಿಂದೆ ತಮಿಳು-ಮಲಯಾಳ ಸೀಮೆಯಿಂದ ನಡೆದು ಬಂದವರು. ಮನೆಯಲ್ಲಿ ಇವತ್ತಿಗೂ ಸಂಕೇತಿ ಮಾತಾಡುತ್ತಾರೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ತಮಿಳು, ತೆಲುಗು, ಮಲಯಾಳ ಮಾತಾಡುವ ಸಂಸಾರಗಳು ಬಂದು ನಿಂತವು. ನನ್ನ ಅಜ್ಜನ ಮನೆ, ತೋಟ, ದೇವರಕಾಡು ಎಲ್ಲಾ ಶರಾವತಿಯಲ್ಲಿ ಮುಳುಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತಲ್ಲ, ಆಗ. ಇದೇ ಜಿಲ್ಲೆಯೊಳಗೆ ಗಂಟು ಮೂಟೆ ಹೊತ್ತು ಬಂದರೂ ಹೊಸ ಊರಿನಲ್ಲಿ ಅಜ್ಜನಿಗೆ ಇದ್ದ ಹೆಸರು ಒಂದೇ, ‘ಮುಳುಗಡೆಯವರು’. ಬಾವಿಕಟ್ಟೆಯಲ್ಲಿ ಅಜ್ಜಿಯ ಕೊಡ ಕೊನೆಗೆ ಇಳಿಯುತ್ತಿತ್ತು. ಈಗ ಅದೇ ಊರಿನವರು ತೋಟದ ಕೆಲಸಕ್ಕೆ ಅಸ್ಸಾಂ, ಜಾರ್ಖಂಡಿನಿಂದ ಬಂದ ಹುಡುಗರನ್ನೆಲ್ಲಾ ಸೇರಿಸಿ ‘ಬಿಹಾರಿಗಳು’ ಅಂತಾರೆ.

ಎಲ್ಲಿಗೆ ಹೋಗಬಹುದು

ನವೆಂಬರ್ 1ರ ರಾಜ್ಯೋತ್ಸವ, ದಸರಾ ಮೆರವಣಿಗೆ ನಿಮಗೆ ತಾನಾಗೇ ಗೊತ್ತಾಗುತ್ತದೆ. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಫೆಬ್ರವರಿ 15ಕ್ಕೆ ಲಂಬಾಣಿಗರ ಸಂತ ಸೇವಾಲಾಲ್ ಜಯಂತಿ. ತಾಂಡಾದ ಸಹಪಾಠಿ ಮಕ್ಕಳಿಗೆ ಇದ್ದರೆ ಕರೆದೇ ಕರೆಯುತ್ತಾರೆ, ಹೋಗಿ. ಕ್ರಿಸ್‌ಮಸ್ ಸಂಜೆ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಎಲ್ಲಾ ಧರ್ಮದವರೂ ಸಿಗುತ್ತಾರೆ. ತೀರ್ಥಹಳ್ಳಿ ತಾಲೂಕಿನ ಹಣಗೆರೆಕಟ್ಟೆಗೆ ಒಂದು ಸಲ ಹೋಗಿ ಬನ್ನಿ. ಭೂತರಾಯ ಚೌಡೇಶ್ವರಿ ಗುಡಿ, ಸೈಯದ್ ಸಾದತ್ ದರ್ಗಾ ಎರಡೂ ಒಂದೇ ಸೂರಿನ ಕೆಳಗೆ. ಅಲ್ಲಿ ಯಾರೂ ಸೌಹಾರ್ದದ ಭಾಷಣ ಮಾಡೋದಿಲ್ಲ. ಹರಕೆ ತೀರಿಸಿ ಮನೆಗೆ ಹೋಗುತ್ತಾರೆ, ಅಷ್ಟೇ.

ದೀಪಾವಳಿಯ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಹೊಸಬರು ಹೆದರಿದ್ದುಂಟು. ಹಳ್ಳಿ ಕಡೆ ಮನೆ ಮಾಡಿದ್ದರೆ ನಡುರಾತ್ರಿ ಗಂಡಸರ ಗುಂಪೊಂದು ಜೋರಾಗಿ ಹಾಡುತ್ತಾ ಅಂಗಳಕ್ಕೆ ಬರಬಹುದು. ಅದು ಅಂಟಿಗೆ ಪಂಟಿಗೆ. ಕೈಯಲ್ಲಿ ದೀಪ ಇರುತ್ತದೆ, ಮನೆಯಿಂದ ಮನೆಗೆ ಆರದಂತೆ ಒಯ್ಯುತ್ತಾರೆ. ಬಾಗಿಲು ತೆಗೆಯಿರಿ. ದೀಪಕ್ಕೆ ಒಂದು ಚಮಚ ಎಣ್ಣೆ ಹಾಕಿ. ಅಕ್ಕಿ, ಕಾಯಿ, ಕೈಲಾದಷ್ಟು ದುಡ್ಡು ಕೊಡಿ. ಹಾಡು ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ನಮಗೂ ಅರ್ಧವೇ ಆಗೋದು.

ಗಣಪತಿ ವಿಸರ್ಜನೆ, ಈದ್ ಮಿಲಾದ್ ಮೆರವಣಿಗೆ ಕೆಲವು ವರ್ಷ ಹತ್ತಿರ ಹತ್ತಿರ ಬರುತ್ತವೆ. ಶಿವಮೊಗ್ಗದ ಹೆಸರು ಇಂಥ ದಿನಗಳಲ್ಲಿ ಕೆಟ್ಟ ಸುದ್ದಿಗೂ ಬಂದಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ದಿನ ರಸ್ತೆ ಬದಲಾಗಿರುತ್ತದೆ, ಮಕ್ಕಳನ್ನು ಬೇಗ ಮನೆಗೆ ಕರೆತನ್ನಿ. ವಾಟ್ಸಾಪಿನಲ್ಲಿ ‘ಈಗಷ್ಟೇ ನಡೆದದ್ದು’ ಅಂತ ವಿಡಿಯೋ ಬಂದರೆ ಮುಂದೆ ಕಳಿಸಬೇಡಿ. ನಿಮ್ಮ ಬೀದಿಯ ಬೇರೆ ಧರ್ಮದ ಒಂದು ಮನೆಯ ಫೋನ್ ನಂಬರ್ ಮೊದಲೇ ಇಟ್ಟುಕೊಂಡಿರಿ. ಗಾಳಿಸುದ್ದಿ ಬಂದಾಗ ಅವರಿಗೇ ಫೋನ್ ಮಾಡಿ ‘ಊಟ ಆಯ್ತಾ?’ ಅಂತ ಕೇಳಿ. ಬಾಕಿ ಸುದ್ದಿ ತಾನಾಗೇ ಗೊತ್ತಾಗುತ್ತದೆ.

ನಮ್ಮ ಸಂಘದ ಊಟ

ನಮ್ಮ ಸಂಘ ಮೊದಲ ಸಲ ‘ಎಲ್ಲರ ಹಬ್ಬ’ ಮಾಡಿದಾಗ ಒಳ್ಳೇ ಮನಸ್ಸಿನಿಂದಲೇ ಎಡವಟ್ಟು ಮಾಡಿದೆವು. ಬೇರೆ ಕಡೆಯಿಂದ ಬಂದ ಸಂಸಾರಗಳನ್ನು ವೇದಿಕೆಗೆ ಹತ್ತಿಸಿ ‘ನಿಮ್ಮ ಡ್ರೆಸ್ ಹಾಕ್ಕೊಂಡು ನಿಮ್ಮ ಹಾಡು ಹಾಡಿ’ ಅಂದೆವು. ಮಕ್ಕಳ ಛದ್ಮವೇಷದ ಹಾಗಾಯಿತು. ಕೆಳಗೆ ಕೂತವರು ಚಪ್ಪಾಳೆ ತಟ್ಟಿ ಮನೆಗೆ ಹೋದರು, ಮೇಲೆ ನಿಂತವರ ಹೆಸರು ಯಾರಿಗೂ ನೆನಪಿರಲಿಲ್ಲ.

ಮರುವರ್ಷ ಮನೆಗೊಂದು ಅಡುಗೆ ತನ್ನಿ ಅಂದೆವು. ವಿಜಯಪುರದ ಅಕ್ಕ ಒಬ್ಬರು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಿದ್ದರು. ‘ಇದಕ್ಕೆ ಬೇರೆ ಹಲ್ಲು ಕಟ್ಟಿಸಬೇಕು’ ಅಂತ ಯಾರೋ ಅಂದರು, ಎಲ್ಲಾ ನಕ್ಕರು, ಅವರೂ ನಕ್ಕರು. ಆಮೇಲೆ ಅವರು ಬಂದಿದ್ದೇ ಇಲ್ಲ. ಅದೇ ದಿನ ಇನ್ನೊಂದು ನಡೆಯಿತು. ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದೆ. ಹಿರಿಯ ಸದಸ್ಯರೊಬ್ಬರು ‘ಇದು ಯಾರ ಮನೇದು?’ ಅಂತ ಮೆಲ್ಲಗೆ ಕೇಳಿದರು. ಹೇಳಿದೆ. ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ನೋಡುವವರಿಗೆ ಅದು ‘ಸಾಕು’ ಅನ್ನುವ ಕೈಯೇ. ಆದರೆ ಎದುರು ಸಾಲಿನಲ್ಲಿ ಪಾಯಸ ಮಾಡಿ ತಂದ ಹೆಂಗಸು ಕೂತಿದ್ದರು, ಅವರಿಗೆ ಗೊತ್ತಾಯಿತು. ಸೌಟು ಹಿಡಿದ ನಾನು ಏನೂ ಅನ್ನದೆ ಮುಂದಿನ ಎಲೆಗೆ ಹೋದೆ. ಅದು ನನ್ನ ತಪ್ಪು.

ಆ ತಿಂಗಳ ಸಭೆ ರಾತ್ರಿ ಹತ್ತರವರೆಗೂ ನಡೆಯಿತು. ನಮ್ಮಲ್ಲೊಬ್ಬ ಇತಿಹಾಸದ ಮೇಷ್ಟ್ರು ಬಳ್ಳಿಗಾವಿಯ ಕೋಡಿಯ ಮಠದ ಶಾಸನ ತೆಗೆದರು. 1162ರದ್ದು. ದೀನರು, ಅನಾಥರು, ಕುಂಟರು, ಕುರುಡರು, ಬೇರೆ ಬೇರೆ ಪಂಥದ ಸನ್ಯಾಸಿಗಳು, ನಾನಾ ದೇಶದ ಭಿಕ್ಷುಕರು, ಎಲ್ಲರಿಗೂ ಊಟ ಹಾಕುವ ಜಾಗ ಅಂತ ಅದರಲ್ಲಿ ಕೆತ್ತಿದೆ. ‘ಎಂಟುನೂರು ವರ್ಷದ ಹಿಂದೆ ಶಿಕಾರಿಪುರ ಸೀಮೆಯಲ್ಲಿ ಆಗಿದ್ದು ನಮಗೆ ಆಗಲ್ವಾ?’ ಅಂದರು. ಅಲ್ಲಿಗೆ ತೀರ್ಮಾನವಾಯಿತು. ಈಗ ಯಾರ ಮನೆಯಿಂದಲೂ ಪಾತ್ರೆ ಬರುವುದಿಲ್ಲ. ಒಂದೇ ಒಲೆ. ಎಲ್ಲರೂ ಬೆಳಿಗ್ಗೆ ಆರಕ್ಕೆ ಬಂದು ತರಕಾರಿ ಹೆಚ್ಚಬೇಕು, ಕಾಯಿ ತುರಿಯಬೇಕು. ಕಡಾಯಿಗೆ ಬಿದ್ದ ಮೇಲೆ ಯಾವ ಹೋಳು ಯಾರ ಕೈಯದು ಅಂತ ಹುಡುಕೋಕಾಗಲ್ಲ. ವೇದಿಕೆ ಕಾರ್ಯಕ್ರಮವನ್ನು ಅರ್ಧ ಗಂಟೆಗೆ ಇಳಿಸಿದೆವು. ಹೊಸಬರ ಸ್ನೇಹ ಕುದುರೋದು ಈರುಳ್ಳಿ ರಾಶಿಯ ಸುತ್ತ ಅಂತ ನಮಗೆ ಗೊತ್ತಾಗಿದ್ದು ಹೀಗೆ.

ವಿಜಯಪುರದ ಅಕ್ಕನ ಮನೆಗೆ ಇಬ್ಬರು ಹೋಗಿ ತಪ್ಪಾಯಿತು ಅಂದೆವು. ಈಗ ಎಣ್ಣೆಗಾಯಿ ಪಲ್ಯದ ಉಸ್ತುವಾರಿ ಅವರದೇ. ರೊಟ್ಟಿಯನ್ನು ಮುರಿದು ಪಲ್ಯದಲ್ಲಿ ನೆನೆಸಿ ತಿನ್ನಬೇಕು ಅಂತ ನಮಗೆ ಕಲಿಸಿದವರೂ ಅವರೇ. ಆ ಹಿರಿಯರು ಒಂದು ವರ್ಷ ಬರಲಿಲ್ಲ. ಮುಂದಿನ ವರ್ಷ ಬಂದು ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದರು. ಊಟಕ್ಕೆ ಕೂತರಾ ಅಂತ ನಾನು ಬೇಕೆಂದೇ ನೋಡಲಿಲ್ಲ.

ಒಂದು ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಊಟ ಸಸ್ಯಾಹಾರ. ಎಲ್ಲರೂ ತಿನ್ನಲಿ ಅಂತ ಹಾಗೆ ಮಾಡಿದ್ದು ಅಂತ ಕೆಲವರು. ಹಬ್ಬ ಅಂದರೆ ಕೋಳಿ ಕಜ್ಜಾಯ ಅನ್ನುವ ಮನೆಗಳ ಕತೆ ಏನು ಅಂತ ಇನ್ನು ಕೆಲವರು. ಎರಡನೆಯವರ ಮಾತಿನಲ್ಲಿ ಹುರುಳಿದೆ ಅಂತ ನನಗನ್ನಿಸುತ್ತದೆ. ನೀವೂ ಸಭೆಗೆ ಬನ್ನಿ, ಮಾತಾಡಿ. ಸದಸ್ಯತ್ವ ಆಗಿರಲೇಬೇಕು ಅಂತಿಲ್ಲ.

ಬರುವಾಗ ಈಳಿಗೆಮಣೆ ಇದ್ದರೆ ತನ್ನಿ. ಇಲ್ಲಿ ಕೆಲವರು ಅದಕ್ಕೆ ಮೆಟ್ಟುಗತ್ತಿ ಅಂತಾರೆ. ಸಂಘದಲ್ಲಿ ಇರೋದು ಮೂರೇ, ಅದರಲ್ಲಿ ಒಂದು ಮೊಂಡು. ಕೊಡೆ ಮರೀಬೇಡಿ.