ಬ್ರಿಟನ್‌ನಲ್ಲಿ ಮನೆಗೆ ಅಲಾರಂ: ಅದು ಹೊಡೆದುಕೊಂಡರೆ ಬರೋರು ಯಾರು?

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳು. ಮಕ್ಕಳಿಗೆ ಸ್ಕೂಲ್ ರಜ, ನಾವೆಲ್ಲ ಮೈಸೂರಿನಲ್ಲಿದ್ದೆವು. ಮಧ್ಯಾಹ್ನ ಊಟಕ್ಕೆ ಕೂತಾಗ, ಇಂಗ್ಲೆಂಡಿನಲ್ಲಿ ನಮ್ಮ ಮನೆಯಿರುವ ರೆಡಿಂಗ್‌ನಿಂದ ಪಕ್ಕದ ಮನೆಯಾಕೆ ಫೋನ್ ಮಾಡಿದರು. ನಮ್ಮ ಮನೆಯ ಅಲಾರಂ ಬೆಳಗ್ಗೆ ಏಳರಿಂದ ಹೊಡೆದುಕೊಳ್ಳುತ್ತಿದೆಯಂತೆ. ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಪೊಲೀಸರು ಬಂದಿದ್ದರಾ ಅಂತ ಕೇಳಿದೆ. ಇಲ್ಲ, ಯಾರೂ ಬಂದಿಲ್ಲ ಅಂದರು. ಅವರ ಹತ್ತಿರ ನಮ್ಮ ಬೀಗದ ಕೈ ಇರಲಿಲ್ಲ. ಕೈ ಇದ್ದದ್ದು ಸ್ಲೌನಲ್ಲಿರುವ ಸ್ನೇಹಿತರ ಬಳಿ. ಅವರು ಕೆಲಸ ಬಿಟ್ಟು ಬಂದು ಬಾಗಿಲು ತೆಗೆಯುವ ಹೊತ್ತಿಗೆ ಇನ್ನೂ ಎರಡು ಗಂಟೆ ಕಳೆದಿತ್ತು. ಕಳ್ಳರು ಬಂದಿರಲಿಲ್ಲ. ಹೊರಡುವ ಮುಂಚೆ ಮಾಡಿದ ಮಗಳ ಬರ್ತ್‌ಡೇಯ ಹೊಳೆಯುವ ಬಲೂನು ಗಾಳಿ ಇಳಿದು, ಹಾಲ್‌ನಲ್ಲಿ ಸೆನ್ಸರ್ ಮುಂದೆ ಓಲಾಡುತ್ತಿತ್ತು.

ನಿಜವಾದ ಕಳ್ಳ ಬಂದಿದ್ದರೂ ಅಷ್ಟೇ ಆಗುತ್ತಿತ್ತಲ್ಲ ಅನ್ನೋದೇ ಆ ರಾತ್ರಿ ನನ್ನನ್ನು ಕಾಡಿದ್ದು. ಹೊಸದಾಗಿ ಮನೆ ಕೊಂಡ ನಮ್ಮವರು ಅಲಾರಂ ಬಗ್ಗೆ ಕೇಳಿದಾಗಲೆಲ್ಲ ನಾನು ಮೊದಲು ಕೇಳುವ ಪ್ರಶ್ನೆ ಇದು: ಅದು ಹೊಡೆದುಕೊಂಡರೆ ಬರೋರು ಯಾರು? ಉತ್ತರ ಸಿಕ್ಕ ಮೇಲೆ ಯಾವ ಡಬ್ಬ, ಎಷ್ಟು ಸೆನ್ಸರ್ ಅಂತ ನೋಡಿದರಾಯಿತು.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಗೋಡೆ ಮೇಲಿನ ಗಂಟೆ ಹೊಡೆದ ಮಾತ್ರಕ್ಕೆ ಪೊಲೀಸರು ಬರುವುದಿಲ್ಲ. ಬರೀ ಸದ್ದು ಮಾಡುವ ಅಲಾರಂ ಇದ್ದರೆ, ಅಥವಾ ನಿಮ್ಮ ಫೋನಿಗೆ ಮಾತ್ರ ಸಂದೇಶ ಬರುವುದಾದರೆ, ಅಪರಾಧ ನಡೆಯುತ್ತಿದೆ ಅನ್ನೋದಕ್ಕೆ ಇನ್ನೊಂದು ಸುಳಿವು ಬೇಕು. ಯಾರೋ ಕಿಟಕಿ ಒಡೆಯುವುದನ್ನು ಪಕ್ಕದವರು ಕಂಡಿರಬೇಕು, ಇಲ್ಲವೇ ನೀವೇ ಕ್ಯಾಮೆರಾದಲ್ಲಿ ನೋಡಿ 999ಕ್ಕೆ ಕರೆ ಮಾಡಬೇಕು. ನೀವು ಭಾರತದಲ್ಲಿದ್ದರೆ ಒಂದು ತೊಡಕು ಉಂಟು. ಅಲ್ಲಿಂದ 999 ಒತ್ತಿದರೆ ಬ್ರಿಟನ್ ಪೊಲೀಸರು ಸಿಗುವುದಿಲ್ಲ. ಇಲ್ಲೇ ಇರುವ ಒಬ್ಬರಿಗೆ ಹೇಳಿ ಅವರಿಂದ ಮಾಡಿಸಬೇಕು.

ಪೊಲೀಸರು ತಾವಾಗಿ ಬರಬೇಕೆಂದರೆ ದಾರಿ ಬೇರೆ. ಅಲಾರಂ ಕಂಪನಿಗಳನ್ನು ಪರಿಶೀಲಿಸುವ ಎನ್‌ಎಸ್‌ಐ ಅಥವಾ ಎಸ್‌ಎಸ್‌ಎಐಬಿ ಅನ್ನುವ ಸಂಸ್ಥೆಯ ಮಾನ್ಯತೆ ಇರುವ ಕಂಪನಿ ಅಲಾರಂ ಹಾಕಬೇಕು. ಅದು 24 ಗಂಟೆ ಜನ ಕೂತಿರುವ ಮಾನಿಟರಿಂಗ್ ಕೇಂದ್ರಕ್ಕೆ ಸೇರಿರಬೇಕು. ಪೊಲೀಸರಿಂದ ಆ ಅಲಾರಂನ ಗುರುತಿಗೆ ಯು.ಆರ್.ಎನ್. ಅನ್ನುವ ನಂಬರ್ ಪಡೆಯಬೇಕು, ಅದಕ್ಕೆ ಶುಲ್ಕ ಕಟ್ಟಬೇಕು. ಒಂದೇ ಸೆನ್ಸರ್ ಕೂಗಿದರೆ ಸಾಮಾನ್ಯವಾಗಿ ಸಾಲದು. ಎರಡನೆಯದೂ ಕೂಗಿ ಖಚಿತವಾದ ಮೇಲೆ ಕೇಂದ್ರದವರು ಪೊಲೀಸರಿಗೆ ತಿಳಿಸುತ್ತಾರೆ. 12 ತಿಂಗಳೊಳಗೆ 3 ಸುಳ್ಳು ಕರೆ ಹೋದರೆ ಈ ಸೌಲಭ್ಯ ನಿಂತುಹೋಗುತ್ತದೆ. ಬಲೂನಿನ ವಿಷಯ ಸಣ್ಣದಲ್ಲ ಅನ್ನೋದು ಇದಕ್ಕೇ.

ಇನ್ನು ಕೀಹೋಲ್ಡರ್, ಅಂದರೆ ಅಲಾರಂ ಕೂಗಿದಾಗ ಬಂದು ನಿಮ್ಮ ಮನೆ ಬಾಗಿಲು ತೆಗೆಯುವವರು. ಇದು ನಮ್ಮಂಥವರಿಗೆ ನಿಜವಾಗಿ ಕಷ್ಟದ ಭಾಗ. ಪೊಲೀಸ್ ನಿಯಮದ ಪ್ರಕಾರ ಕನಿಷ್ಠ ಇಬ್ಬರು ಬೇಕು. ಬೀಗದ ಕೈ ಅವರ ಬಳಿ ಇರಬೇಕು, ಅಲಾರಂ ನಿಲ್ಲಿಸಲು ಬರಬೇಕು, ಕರೆದರೆ 20 ನಿಮಿಷದೊಳಗೆ ಮನೆ ಮುಂದೆ ಇರಬೇಕು. ಅಣ್ಣ, ತಂಗಿ, ಚಿಕ್ಕಪ್ಪ ಎಲ್ಲ ಊರಲ್ಲಿ. ಇಲ್ಲಿ ಆಪ್ತರು ಅಂದರೆ ಯುಗಾದಿಗೆ, ರಾಜ್ಯೋತ್ಸವಕ್ಕೆ ಸಿಗುವ ಸ್ನೇಹಿತರು. ಅವರ ಮನೆ ಮೂವತ್ತು ಮೈಲಿ ದೂರ. ಪ್ರೀತಿ ಎಷ್ಟಿದ್ದರೂ ಆ ದೂರ ಕಡಿಮೆಯಾಗಲ್ಲ. ಅದಕ್ಕೇ ಬೀದಿಯವರ ಜೊತೆ ಪರಿಚಯ ಬೆಳೆಸಿಕೊಳ್ಳಿ. ದೀಪಾವಳಿಗೆ ಒಂದು ಡಬ್ಬಿ ಮೈಸೂರು ಪಾಕ್ ಕೊಟ್ಟು ಶುರು ಮಾಡಿದರೂ ಸರಿ. ಹಾಗೆ ಯಾರೂ ಸಿಗದಿದ್ದರೆ ದುಡ್ಡು ತೆಗೆದುಕೊಂಡು ಈ ಕೆಲಸ ಮಾಡುವ ಕಂಪನಿಗಳಿವೆ. ಕೀಹೋಲ್ಡರ್‌ಗೆ ನಿಮ್ಮ ಕೋಡ್ ಕೊಡಬೇಡಿ. ಅವರಿಗೇ ಬೇರೆ ಕೋಡ್ ಹಾಕಿಸಿ, ಆಮೇಲೆ ಬೇಕಾದಾಗ ತೆಗೆಸಬಹುದು.

ಸೆನ್ಸರ್ ಹಾಕಿಸುವಾಗ ಕಂಪನಿಯವರ ಜೊತೆ ನೀವೂ ಮನೆಯೆಲ್ಲ ಓಡಾಡಿ. ವಾಕ್ ಟೆಸ್ಟ್ ಅಂತ ಮಾಡುತ್ತಾರೆ. ಮೂಲೆಯಲ್ಲಿರುವ ಬಿಳಿ ಡಬ್ಬಿಯ ಮುಂದೆ ಹಾದರೆ ಸಣ್ಣ ಕೆಂಪು ದೀಪ ಮಿನುಗುತ್ತದೆ. ನಮ್ಮ ಹಾಲ್‌ನಲ್ಲಿ ನಾನು ಬಾಗಿಲಿನಿಂದ ಸೋಫಾದವರೆಗೆ ನಡೆದೆ, ದೀಪ ಹೊತ್ತಿತು. ಹಿತ್ತಲ ಕಡೆಯ ಗಾಜಿನ ಬಾಗಿಲಿನಿಂದ ಪುಸ್ತಕದ ಕಪಾಟಿನ ಹಿಂದೆ ಬಾಗಿ ನಡೆದರೆ ಹೊತ್ತಲೇ ಇಲ್ಲ. ಕಪಾಟು ಒಂದು ಅಡಿ ಸರಿಸಿದ ಮೇಲೆ ಸರಿಹೋಯಿತು. ಈ ಡಬ್ಬಿ ನೋಡುವುದು ಶಾಖದ ಚಲನೆಯನ್ನು. ಹೀಟರ್ ಮೇಲೆ ತೂಗುವ ಜರಿ ತೋರಣ, ಸೆನ್ಸರ್ ಮೇಲೇ ಹರಿದಾಡುವ ಜೇಡ, ಬೆಕ್ಕು, ಯಾವುದಾದರೂ ಅದನ್ನು ಎಬ್ಬಿಸಬಹುದು. ಸಾಕುಪ್ರಾಣಿ ಇದ್ದರೆ ಮೊದಲೇ ಹೇಳಿ, ಅದಕ್ಕೆ ಬೇರೆ ಸೆನ್ಸರ್ ಬರುತ್ತದೆ. ಮುಂಬಾಗಿಲು, ಹಿಂಬಾಗಿಲಿಗೆ ಬಾಗಿಲು ತೆರೆದೊಡನೆ ತಿಳಿಯುವ ಕಾಂಟ್ಯಾಕ್ಟ್ ಅನ್ನುವ ಸೆನ್ಸರ್ ಇರಲಿ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಇನ್ನೊಂದು ಲೆಕ್ಕ. ರಾತ್ರಿ ಮಲಗುವಾಗ ಕೆಳಗಿನ ಮಹಡಿಗೆ ಮಾತ್ರ ಅಲಾರಂ ಹಾಕುವ ವ್ಯವಸ್ಥೆ ಎಲ್ಲ ಒಳ್ಳೆಯ ಸಿಸ್ಟಮ್‌ಗಳಲ್ಲೂ ಇದೆ. ಆದರೆ ಅಮ್ಮ ಬೆಳಗಿನ ಐದಕ್ಕೆ ದೇವರಿಗೆ ದೀಪ ಹಚ್ಚಲು ಕೆಳಗಿಳಿಯುತ್ತಾರೆ. ಕತ್ತಲಲ್ಲಿ ಆ ಸೈರನ್ ಕೇಳಿದರೆ ವಯಸ್ಸಾದವರ ಎದೆ ಏನಾಗಬೇಡ? ಅವರಿಗೆ ನಾಲ್ಕಂಕಿ ಒತ್ತಿಸುವ ಬದಲು ಕೀಪ್ಯಾಡ್‌ಗೆ ಹಿಡಿದರೆ ಸಾಕು ಅನ್ನುವ ಟ್ಯಾಗ್ ಕೊಡಿ. ಕೀಪ್ಯಾಡ್‌ ಅನ್ನು ಮೆಟ್ಟಿಲ ಮೇಲ್ಗಡೆಯೂ ಒಂದು ಹಾಕಿಸಿ.

ಅಲಾರಂ ಕೂಗುವುದು ಕಳ್ಳ ಒಳಗೆ ಬಂದ ಮೇಲೆ. ತಡೆಯುವುದು ಬಾಗಿಲು. ಇಲ್ಲಿನ ಪ್ಲಾಸ್ಟಿಕ್ ಚೌಕಟ್ಟಿನ ಬಾಗಿಲನ್ನು ಸುಮ್ನೆ ಎಳೆದುಕೊಂಡರೆ ಮುಚ್ಚುತ್ತದೆ, ಆದರೆ ಹಿಡಿದಿರುವುದು ಒಂದು ಸಣ್ಣ ನಾಲಿಗೆ ಅಷ್ಟೇ. ಹಿಡಿಯನ್ನು ಮೇಲಕ್ಕೆತ್ತಿದಾಗ ಒಳಗಡೆ ಮೇಲೆ, ಕೆಳಗೆ, ನಡುವೆ ಅಗಳಿಗಳು ಕಟಕಟ ಅಂತ ಕೂರುತ್ತವೆ. ಆಮೇಲೆ ಕೀಲಿ ತಿರುಗಿಸಬೇಕು. ಬೀಗದ ಸಿಲಿಂಡರನ್ನು ಮುರಿದು ಒಳಬರುವುದು ಇಲ್ಲಿ ಹಳೆಯ ತಂತ್ರ. ಅದನ್ನು ತಡೆಯಲು ಟಿಎಸ್ 007 ಅನ್ನುವ ಬ್ರಿಟಿಷ್ ಮಾನದಂಡದ ಮೂರು ನಕ್ಷತ್ರದ ಸಿಲಿಂಡರ್ ಹಾಕಿಸಿ. ಅಲಾರಂಗಿಂತ ಎಷ್ಟೋ ಅಗ್ಗ. ದುಡ್ಡು ಒಂದಕ್ಕೇ ಇದೆ ಅಂದರೆ ನಾನು ಬೀಗಕ್ಕೇ ಹಾಕು ಅನ್ನುತ್ತೇನೆ.

ಈಗ ಬಂಗಾರ. ನಮ್ಮ ಮನೆಗಳಲ್ಲಿ ಒಡವೆ ಇರುತ್ತದೆ ಅನ್ನೋದು ಕಳ್ಳರಿಗೆ ಚೆನ್ನಾಗಿ ಗೊತ್ತು. ದೀಪಾವಳಿ ಹತ್ತಿರ ಬಂದಾಗ ಪೊಲೀಸರೂ ಭಾರತೀಯ ಮನೆತನಗಳಿಗೆ ಎಚ್ಚರಿಕೆ ಹೇಳುತ್ತಾರೆ. ಅಜ್ಜಿಯ ಕಾಸಿನ ಸರ, ಮದುವೆಯ ಬಳೆ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟರೆ ಯಾವ ಅಲಾರಂ ಕೂಡ ಉಳಿಸಲಾರದು, ಏಕೆಂದರೆ ಮಲಗುವ ಕೋಣೆಯನ್ನೇ ಅವರು ಮೊದಲು ಜಾಲಾಡುವುದು. ಹಬ್ಬ ಮುಗಿದ ಮರುದಿನ ಸೇಫ್ ಡೆಪಾಸಿಟ್ ಲಾಕರ್‌ಗೆ ವಾಪಸ್ ಇಡಿ. ಮನೆಯಲ್ಲೇ ತಿಜೋರಿ ಬೇಕೆಂದರೆ ಗಟ್ಟಿತನ ಪರೀಕ್ಷಿಸಿ ಕೊಡುವ ಯೂರೋಗ್ರೇಡ್ ದರ್ಜೆ ಇರುವುದನ್ನೇ ತನ್ನಿ. ಗ್ರೇಡ್ 0 ತಿಜೋರಿಗೆ ಸಾಮಾನ್ಯವಾಗಿ 6,000 ಪೌಂಡ್ ನಗದು ಅಥವಾ 60,000 ಪೌಂಡ್‌ನ ಒಡವೆಯವರೆಗೆ ಇನ್ಶೂರೆನ್ಸ್‌ನವರು ಒಪ್ಪುತ್ತಾರೆ ಅಂತ ಲೆಕ್ಕ. ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು.

ಇನ್ಶೂರೆನ್ಸ್ ಕಾಗದವನ್ನು ಒಂದು ಸಂಜೆ ಕೂತು ಓದಿ. ಮೂರು ವಿಷಯ ಹುಡುಕಿ. ಒಂದೇ ಒಡವೆಗೆ ಎಷ್ಟರವರೆಗೆ ಕೊಡುತ್ತಾರೆ ಅನ್ನೋದು ಮೊದಲನೆಯದು. ಹಲವು ಪಾಲಿಸಿಗಳಲ್ಲಿ 1,500 ಅಥವಾ 2,000 ಪೌಂಡ್ ಅಷ್ಟೇ, ಅದಕ್ಕಿಂತ ಜಾಸ್ತಿ ಬೆಲೆಯದನ್ನು ಹೆಸರು ಹೇಳಿ ಸೇರಿಸಬೇಕು. ಅಲಾರಂ ಇದೆ ಅಂತ ಬರೆದುಕೊಟ್ಟಿದ್ದೀರಾ ಅನ್ನೋದು ಎರಡನೆಯದು. ಹಾಗೆ ಬರೆದು, ಹಾಲು ತರಲು ಹೋದಾಗ ಹಾಕದೆ ಬಿಟ್ಟರೂ ಪರಿಹಾರ ಕೈತಪ್ಪಬಹುದು. ಮೂರನೆಯದನ್ನು ನಮ್ಮವರು ಗಮನಿಸುವುದೇ ಇಲ್ಲ: ಮನೆ ಖಾಲಿ ಬಿಡುವ ದಿನಗಳ ಮಿತಿ. ಬಹಳಷ್ಟು ಪಾಲಿಸಿಗಳಲ್ಲಿ 30 ಅಥವಾ 60 ದಿನ. ಬೇಸಿಗೆ ರಜೆಯ ಆರು ವಾರವೂ ಊರಲ್ಲಿದ್ದರೆ 30ರ ಗೆರೆ ದಾಟಿರುತ್ತೀರಿ. ಟಿಕೆಟ್ ಮಾಡಿಸಿದ ದಿನವೇ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ.

ಹಳೆಯ ಮನೆ ಕೊಂಡಿದ್ದರೆ ಅಲ್ಲಿನ ಅಲಾರಂ ಹಳೆಯ ಟೆಲಿಫೋನ್ ತಂತಿಗೆ ಸೇರಿದೆಯಾ ಅಂತ ನೋಡಿ. ಆ ಜಾಲವನ್ನು 2027ರ ಜನವರಿಯಲ್ಲಿ ಮುಚ್ಚುತ್ತಾರೆ. ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಸಿಮ್ ಎರಡೂ ಇರುವ ಸಂಪರ್ಕ ಕೇಳಿ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳದೆ ಗೋಡೆ ಕೊರೆಯಬೇಡಿ. ಡೋರ್‌ಬೆಲ್ ಕ್ಯಾಮೆರಾ ಪಕ್ಕದವರ ಹಿತ್ತಲನ್ನೋ ರಸ್ತೆಯನ್ನೋ ಸೆರೆಹಿಡಿದರೆ ಇಲ್ಲಿನ ಡೇಟಾ ಕಾನೂನು ನಿಮಗೂ ಅನ್ವಯಿಸುತ್ತದೆ. 2021ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟ್‌ನಲ್ಲಿ ನೆರೆಯವರ ಇಂಥದೇ ಜಗಳದಲ್ಲಿ ಕ್ಯಾಮೆರಾ ಹಾಕಿದವರೇ ಸೋತರು. ಕ್ಯಾಮೆರಾ ನಿಮ್ಮ ಅಂಗಳವನ್ನಷ್ಟೇ ನೋಡುವಂತೆ ತಿರುಗಿಸಿ.

ಕಳೆದ ಸಲ ಊರಿಗೆ ಹೊರಡುವ ವಾರ ಪಕ್ಕದ ಮನೆಯಾಕೆಯನ್ನು ಚಹಾಕ್ಕೆ ಕರೆದೆವು. ಮಾನಿಟರಿಂಗ್ ಕೇಂದ್ರಕ್ಕೆ ಮೊದಲೇ ಫೋನ್ ಮಾಡಿ ಇದು ಟೆಸ್ಟ್ ಅಂತ ಹೇಳಿಟ್ಟು, ಅಲಾರಂ ಹಾಕಿ, ಎಲ್ಲರೂ ಹೊರಗೆ ನಿಂತೆವು. ಅವರೇ ನಾವು ಕೊಟ್ಟ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಹೋದರು. ಕೀಪ್ಯಾಡ್ ಬೀಪ್ ಬೀಪ್ ಅಂತಿತ್ತು. ಮೊದಲ ಸಲ ಅಂಕಿ ತಪ್ಪಿತು, ಎರಡನೇ ಸಲ ಸದ್ದು ನಿಂತಿತು.